ಕಾರ್ಖಾನೆಯ ತಂಡ ಕೆಳಗಿಳಿದ ವರ್ಷ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಜಾತ್ರೆಯೆಂದರೆ ತೇರು ಎಷ್ಟು ಮುಖ್ಯವೋ ಕುಸ್ತಿಯ ಕಣವೂ ಅಷ್ಟೇ ಮುಖ್ಯ. ಇಳಿಹೊತ್ತಿಗೆ ಹಲಗೆಯ ಸಪ್ಪಳ ಕೇಳಿಸಿತೆಂದರೆ ಜನ ಮಾಳಿಗೆ, ಕಟ್ಟೆ, ಗಿಡದ ಕೊಂಬೆಗಳನ್ನೂ ಬಿಡದೆ ತುಂಬಿಕೊಳ್ಳುತ್ತಾರೆ. ಹಿರಿಯರು ಜೋಡಿ ಹಚ್ಚುತ್ತಾರೆ. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಸೋತವನು ಬೆನ್ನಿಗಂಟಿದ ಮಣ್ಣು ಕೊಡವಿಕೊಂಡು ಗುಂಪಿನಲ್ಲಿ ಮರೆಯಾಗುತ್ತಾನೆ. ಆದರೆ ಬರುವ ವರ್ಷ ಅದೇ ಕಣಕ್ಕೆ ಅವನು ಮತ್ತೆ ಇಳಿಯಬಹುದು. 'ಹೋದ ಸಲ ಚಿತ್ತಾದವನು ನೀನು, ನಿನಗೆ ಈ ಕಣದಲ್ಲಿ ಜಾಗವಿಲ್ಲ' ಎಂದು ಅವನನ್ನು ತಡೆಯುವ ಕಟ್ಟಳೆ ಅಲ್ಲಿಲ್ಲ.

ಒಕ್ಕಲುತನದ ಮಾತೂ ಹೀಗೆಯೇ. ಡೋಣಿ ಹರಿದರೆ ಓಣಿಯೆಲ್ಲ ಜೋಳವೆಂಬ ಮಾತು ಆ ಕಡೆ ಎಲ್ಲರ ಬಾಯಲ್ಲಿದೆ. ಹಿಂಗಾರಿ ಮಳೆ ಕೈಕೊಟ್ಟು ಒಂದು ವರ್ಷ ಕಾಳು ಕೈಗೆ ಹತ್ತದಿದ್ದರೆ ಮನೆಯವರು ಹೊಟ್ಟೆ ಕಟ್ಟುತ್ತಾರೆ, ಸಾಲ ಮಾಡುತ್ತಾರೆ. ಎರೆಯ ಹೊಲ ಮಾತ್ರ ಎರೆಯ ಹೊಲವಾಗಿಯೇ ಉಳಿದು ಮುಂದಿನ ಮಳೆಗೆ ಕಾಯುತ್ತದೆ. ಸೋತ ವರ್ಷವೆಂಬುದು ನಮಗೆ ಒಂದು ವರ್ಷದ ಮಾತು.

ಕಾಲ್ಚೆಂಡಾಟದ ಲೀಗ್ ಪದ್ಧತಿ ಇದಕ್ಕಿಂತ ಕಠಿಣವಾದುದು. ಅಲ್ಲಿ ಋತು ಮುಗಿದಾಗ ಅಂಕಪಟ್ಟಿಯ ತಳದಲ್ಲಿ ಉಳಿದ ತಂಡ ಮುಂದಿನ ವರ್ಷ ಕೆಳಗಿನ ದರ್ಜೆಯಲ್ಲಿ ಆಡಬೇಕು. ಕೆಳಗೆ ಗೆದ್ದವರು ಆ ಸ್ಥಾನಕ್ಕೆ ಏರುತ್ತಾರೆ. ಕಚೇರಿಯ ಭಾಷೆ ಬಲ್ಲ ನಮ್ಮ ಓದುಗರಿಗೆ ಬಡ್ತಿ, ಹಿಂಬಡ್ತಿ ಎಂದರೆ ಸಾಕು, ಅರ್ಥವಾದೀತು. ಕರ್ನಾಟಕದ ಒಂದು ಹೆಸರಾಂತ ತಂಡಕ್ಕೆ 2012ರಲ್ಲಿ ಇಂಥ ಹಿಂಬಡ್ತಿ ಆಯಿತು. ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯ ತಂಡ, ಎಲ್ಲರೂ ಎಚ್‌ಎಎಲ್ ಎಂದು ಕರೆಯುವ ತಂಡ, ಆ ವರ್ಷ ದೇಶದ ಮೊದಲ ದರ್ಜೆಯ ಐ-ಲೀಗಿನಿಂದ ಕೆಳಗಿಳಿಯಿತು. ಪತ್ರಿಕೆಗಳ ಆಟದ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಅದು. ಆದರೆ ಆ ನಾಲ್ಕು ಸಾಲಿನ ಹಿಂದೆ ಅರುವತ್ತು ಎಪ್ಪತ್ತು ವರ್ಷಗಳ ಒಂದು ಕಥೆಯಿದೆ.

ಮೊದಲು ಈ ಕಟ್ಟಳೆಯ ಹುಟ್ಟನ್ನು ನೋಡೋಣ. 1888ರಲ್ಲಿ ಇಂಗ್ಲೆಂಡಿನ ಹನ್ನೆರಡು ತಂಡಗಳು ಸೇರಿ ಫುಟ್‌ಬಾಲ್ ಲೀಗನ್ನು ಕಟ್ಟಿಕೊಂಡವು. 1892ರಲ್ಲಿ ಎರಡನೆಯ ದರ್ಜೆ ಬಂದಿತು. ಮೊದಮೊದಲು ಮೇಲಿನ ದರ್ಜೆಯಲ್ಲಿ ಸೋತವರಿಗೂ ಕೆಳಗಿನ ದರ್ಜೆಯಲ್ಲಿ ಗೆದ್ದವರಿಗೂ ಪರೀಕ್ಷಾ ಪಂದ್ಯಗಳನ್ನು ಇಟ್ಟು ಯಾರು ಎಲ್ಲಿರಬೇಕೆಂದು ತೀರ್ಮಾನಿಸುತ್ತಿದ್ದರು. 1898ರಲ್ಲಿ ಆ ಪರೀಕ್ಷೆಯನ್ನು ಕೈಬಿಟ್ಟರು. ಅಂದಿನಿಂದ ತಳದವರು ತಾವಾಗಿಯೇ ಇಳಿಯಬೇಕು, ಕೆಳಗಿನ ಮೊದಲಿಗರು ತಾವಾಗಿಯೇ ಏರಬೇಕು. ಹುಟ್ಟಿನ ದೊಡ್ಡಸ್ತಿಕೆಗೆ ಅಷ್ಟೊಂದು ಬೆಲೆ ಕೊಡುತ್ತಿದ್ದ ದೇಶದಲ್ಲಿ ಇಂಥ ಸಮತೆಯ ನಿಯಮ ಹುಟ್ಟಿದ್ದು ವಿಚಿತ್ರವೇ ಸರಿ.

ಅದೇ 1898ರಲ್ಲಿ ಕಲ್ಕತ್ತದ ಲೀಗು ಆರಂಭವಾಯಿತು. ಏಣಿಯ ಮಹತ್ವವನ್ನು ನಮ್ಮವರು ಅಲ್ಲಿ ಕಂಡುಕೊಂಡರು. ಮೋಹನ್ ಬಾಗಾನ್ ತಂಡಕ್ಕೆ ಆ ಲೀಗಿನ ಮೊದಲ ದರ್ಜೆ ದೊರೆತದ್ದು 1915ರಲ್ಲಿ. ಮಹಮ್ಮಡನ್ ಸ್ಪೋರ್ಟಿಂಗ್ ತಂಡ ಕೆಳಗಿನಿಂದ ಮೇಲೇರಿ ಬಂದ 1934ರಲ್ಲಿಯೇ ಮೊದಲ ದರ್ಜೆಯನ್ನು ಗೆದ್ದಿತು; 1938ರವರೆಗೆ ಸತತ ಐದು ವರ್ಷ ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಕೆಳಗಿದ್ದವನು ಏರಬಹುದು ಎಂಬ ಭರವಸೆಯಿರುವುದರಿಂದಲೇ ಮೇಲಿದ್ದವನು ಇಳಿಯಬೇಕೆಂಬ ಶಿಕ್ಷೆಗೆ ನ್ಯಾಯದ ಬಲ ಬರುತ್ತದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಇದರಿಂದ ಕೆಲಸವಿದೆ.

ಇನ್ನು ಬೆಂಗಳೂರಿಗೆ ಬರೋಣ. ದಂಡಿನ ಪ್ರದೇಶದ ಗೋರಾ ಸಿಪಾಯಿಗಳು ಆಡುತ್ತಿದ್ದ ಆಟವನ್ನು ಸುತ್ತಲಿನ ಬಡಾವಣೆಗಳ ಹುಡುಗರು ಬರಿಗಾಲಲ್ಲಿ ಕಲಿತರು. ಆಸ್ಟಿನ್ ಟೌನ್, ಹಲಸೂರು, ಗೌತಮಪುರ, ಮರ್ಫಿ ಟೌನುಗಳ ಬಯಲುಗಳೇ ಅವರ ಶಾಲೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು; ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆಂಬ ಕೀರ್ತಿ ಅದಕ್ಕೆ ಸಂದಿತು. ಮರುವರ್ಷವೂ ಅದೇ ಗೆದ್ದಿತು. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಮೈಸೂರು 1946-47ರಲ್ಲಿಯೂ 1952-53ರಲ್ಲಿಯೂ ಗೆದ್ದು, ಮುಂದೆ 1967-68, 1968-69ರಲ್ಲಿ ಒಂದರ ಹಿಂದೊಂದು ವರ್ಷ ತಂದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿಗೆ 2-1ರಿಂದ ಸೋತಿತಷ್ಟೆ. ಎರಡು ಪೆನಾಲ್ಟಿ ಒದೆತಗಳನ್ನು ಕಳೆದುಕೊಂಡ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹ್ಮದ್ ಖಾನ್, ಧನರಾಜ್, ವಜ್ರವೇಲು ಮೊದಲಾದ ಬೆಂಗಳೂರಿಗರೂ ಆ ತಂಡದಲ್ಲಿದ್ದರು.

ಆದರೆ ಕೀರ್ತಿಯಿಂದ ಹೊಟ್ಟೆ ತುಂಬುವುದಿಲ್ಲ. ಲಂಡನ್ನಿನಿಂದ ಮರಳಿದ ಬಳಿಕ ಅಹ್ಮದ್ ಖಾನ್ ಕಲ್ಕತ್ತಕ್ಕೆ ಹೋದರು. ಈಸ್ಟ್ ಬೆಂಗಾಲ್ ತಂಡದ ಮುಂಚೂಣಿಯ ಐವರನ್ನು ಆ ಊರಿನವರು 'ಪಂಚಪಾಂಡವರು' ಎಂದು ಪ್ರೀತಿಯಿಂದ ಕರೆಯುತ್ತಿದ್ದರು. ಆ ಐವರಲ್ಲಿ ಅಹ್ಮದ್ ಖಾನ್, ಧನರಾಜ್ ಇಬ್ಬರೂ ಬೆಂಗಳೂರಿನವರು. ಮುಂದೆ ಕೆಂಪಯ್ಯ, ಅರುಮೈನಾಯಗಂ ಅವರೂ ಮೋಹನ್ ಬಾಗಾನಿಗೆ ಆಡಿ ಹೆಸರಾದರು. ಆಟಗಾರರನ್ನು ಹೆತ್ತ ಊರು ಬೆಂಗಳೂರು, ಸಾಕಿದ ಊರು ಕಲ್ಕತ್ತ ಎನ್ನುವಂತಾಯಿತು.

ಊರಿನಲ್ಲೇ ಉಳಿಯಬಯಸಿದ ಆಟಗಾರನಿಗೆ ಅನ್ನದ ದಾರಿ ತೋರಿಸಿದವು ಕಾರ್ಖಾನೆಗಳು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಯೋಗದಿಂದ ಆರಂಭಿಸಿದ ವಿಮಾನ ಕಾರ್ಖಾನೆ ಬೆಳೆದು 1964ರಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಆಯಿತು. 1948ರಲ್ಲಿ ದೂರವಾಣಿ ಕಾರ್ಖಾನೆಯಾದ ಐಟಿಐ ಬಂದಿತು. ಆ ಬಳಿಕ ಎಚ್‌ಎಂಟಿ, ಬಿಇಎಲ್, ಬಿಇಎಂಎಲ್ ಹೀಗೆ ಒಂದರ ಮೇಲೊಂದು ಸರಕಾರಿ ಉದ್ಯಮಗಳು ಬೆಂಗಳೂರಿನ ಹೊರವಲಯದಲ್ಲಿ ಎದ್ದು ನಿಂತವು. ವಸತಿ, ಆಸ್ಪತ್ರೆ, ಶಾಲೆ, ಕನ್ನಡ ಸಂಘ, ಆಟದ ಬಯಲು ಎಲ್ಲವೂ ಕಾರ್ಖಾನೆಯ ಆವರಣದಲ್ಲೇ ಇರಬೇಕೆಂಬುದು ಆ ಕಾಲದ ಕಲ್ಪನೆ. ಕಾರ್ಖಾನೆಗೊಂದು ಫುಟ್‌ಬಾಲ್ ತಂಡವಿರುವುದೂ ಅದರ ಒಂದು ಅಂಗವಾಯಿತು.

ಈ ಏರ್ಪಾಡು ಬಹು ಸರಳವಾದುದು. ಚೆನ್ನಾಗಿ ಆಡುವ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ನೌಕರಿ. ಬೆಳಿಗ್ಗೆ ಅಭ್ಯಾಸ, ಆಮೇಲೆ ಹಾಜರಿ, ಪಂದ್ಯವಿದ್ದ ದಿನ ರಜೆ. ಆಟದ ಆಯುಷ್ಯ ಮೂವತ್ತೆರಡು ಮೂವತ್ತಮೂರಕ್ಕೆ ಮುಗಿದರೂ ನೌಕರಿ ನಿವೃತ್ತಿಯವರೆಗೆ ಉಳಿಯುತ್ತಿತ್ತು. ಮೊಣಕಾಲು ಮುರಿದರೆ ಕಾರ್ಖಾನೆಯ ಆಸ್ಪತ್ರೆಯಿತ್ತು. ಬಡಾವಣೆಯ ತಾಯಂದಿರು ಮಕ್ಕಳನ್ನು ಸಂಜೆ ಬಯಲಿಗೆ ಬಿಡಲು ಒಪ್ಪಿದ್ದರ ಹಿಂದೆ ಈ ನೌಕರಿಯ ಆಸೆಯೂ ಇತ್ತೆಂದರೆ ತಪ್ಪಾಗಲಾರದು. ಆರ್. ಸಿ. ಪ್ರಕಾಶ್, ಕ್ಸೇವಿಯರ್ ವಿಜಯಕುಮಾರ್ ಅವರಂಥ ಆಟಗಾರರು ಎಚ್‌ಎಎಲ್ ತಂಡದಿಂದ ಹೆಸರು ಪಡೆದರು.

1996-97ರಲ್ಲಿ ದೇಶಕ್ಕೆಲ್ಲ ಒಂದೇ ಆದ ರಾಷ್ಟ್ರೀಯ ಲೀಗು ಆರಂಭವಾಯಿತು. ಪಂಜಾಬಿನ ಫಗವಾಡಾದ ಜೆಸಿಟಿ ಗಿರಣಿಯ ತಂಡ ಮೊದಲ ವರ್ಷ ಗೆದ್ದಿತು. ಬಟ್ಟೆಯ ಗಿರಣಿಯೊಂದರ ತಂಡ ದೇಶಕ್ಕೆ ಮೊದಲಾಗಬಲ್ಲ ಕಾಲ ಅದು. 2002-03ರ ಋತುವಿನಲ್ಲಿ ಎಚ್‌ಎಎಲ್, ಐಟಿಐ ಎರಡೂ ಈ ಲೀಗಿನಲ್ಲಿ ಆಡಿದವು. ಒಂದೇ ಊರಿನ ಎರಡು ಕಾರ್ಖಾನೆಗಳು ದೇಶದ ಮೊದಲ ದರ್ಜೆಯಲ್ಲಿರುವುದು ಸಣ್ಣ ಮಾತಲ್ಲ. ಆದರೆ ಮರುವರ್ಷದ ಪಟ್ಟಿಯಲ್ಲಿ ಎರಡೂ ಇರಲಿಲ್ಲ.

ಎಚ್‌ಎಎಲ್ ಹಾಗೆ ಬಿದ್ದಲ್ಲಿಯೇ ಉಳಿಯಲಿಲ್ಲ. 2007ರಲ್ಲಿ ರಾಷ್ಟ್ರೀಯ ಲೀಗು ಹೋಗಿ ಐ-ಲೀಗು ಬಂದಿತು. 2010ರಲ್ಲಿ ಎರಡನೆಯ ದರ್ಜೆಯಿಂದ ಏರಿ ಬಂದ ಎರಡು ತಂಡಗಳು ಒಎನ್‌ಜಿಸಿ ಮತ್ತು ಎಚ್‌ಎಎಲ್. ಏಣಿ ಇನ್ನೂ ಗಟ್ಟಿಯಾಗಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಆಟಗಾರರೆಲ್ಲ ಭಾರತೀಯರೇ ಇದ್ದ ನೌಕರರ ತಂಡವೊಂದು, ನೈಜೀರಿಯ, ಬ್ರೆಜಿಲ್ ದೇಶಗಳಿಂದ ಗೋಲು ಹೊಡೆಯುವವರನ್ನು ಕರೆಸಿಕೊಂಡಿದ್ದ ತಂಡಗಳ ಎದುರು ನಿಂತಿತು. 2010-11ರ ಆ ಮೊದಲ ಋತುವಿನಲ್ಲಿ ಅದು ಹೇಗೋ ದಡ ಸೇರಿತು. ಕೆಳಗಿಳಿದವರು ಒಎನ್‌ಜಿಸಿ ಮತ್ತು ಜೆಸಿಟಿ. ಹಿಂದೆ ಮೊದಲ ಲೀಗು ಗೆದ್ದಿದ್ದ ಅದೇ ಜೆಸಿಟಿ! ಇಳಿದ ಮೇಲೆ ಅದರ ಒಡೆಯರು 2011ರ ಜೂನಿನಲ್ಲಿ ತಂಡವನ್ನೇ ಮುಚ್ಚಿಬಿಟ್ಟರು.

ಕಾರ್ಖಾನೆ, ಕಂಪನಿಗಳ ತಂಡಗಳಿಗೂ ಹಣದ ತಂಡಗಳಿಗೂ ನಡುವೆ ಬಿದ್ದ ಬಿರುಕು ಎಷ್ಟು ಆಳವೆಂಬುದು ಆ ಋತುವಿನ ಒಂದು ಪಂದ್ಯದಿಂದ ತಿಳಿಯುತ್ತದೆ. 2011ರ ಮೇ 30ರಂದು ಗೋವೆಯ ಡೆಂಪೊ ತಂಡ ಏರ್ ಇಂಡಿಯಾ ತಂಡವನ್ನು 14-0ರಿಂದ ಸೋಲಿಸಿತು. ಹದಿನಾಲ್ಕರಲ್ಲಿ ಆರು ಗೋಲುಗಳನ್ನು ನೈಜೀರಿಯದ ರ‍್ಯಾಂಟಿ ಮಾರ್ಟಿನ್ಸ್ ಒಬ್ಬರೇ ಹೊಡೆದರು.

ಬಳಿಕ 2011-12ರ ಋತು ಬಂದಿತು. ತಂಡಗಳು ಹದಿನಾಲ್ಕು. ಪ್ರತಿಯೊಂದು ತಂಡವೂ ಉಳಿದ ಹದಿಮೂರರೊಡನೆ ತನ್ನೂರಿನಲ್ಲೊಮ್ಮೆ, ಅವರೂರಿನಲ್ಲೊಮ್ಮೆ ಆಡಬೇಕು. ಒಟ್ಟು 26 ಪಂದ್ಯ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು, ಸೋತರೆ ಸೊನ್ನೆ. ಕುಸ್ತಿಯಲ್ಲಿ ಸೋಲು ಒಂದು ಗಳಿಗೆಯದು. ಲೀಗಿನಲ್ಲಿ ಸೋಲು ವಾರವಾರಕ್ಕೂ ಬಡ್ಡಿಯಂತೆ ಏರುತ್ತದೆ. ಮೊದಲ ಕೆಲವು ಪಂದ್ಯಗಳಲ್ಲಿ ಸೋತವರು ಅದೃಷ್ಟವನ್ನು ದೂರುತ್ತಾರೆ. ಋತುವಿನ ನಡುವೆ ಲೆಕ್ಕ ಹಾಕತೊಡಗುತ್ತಾರೆ: ಇನ್ನು ಇಷ್ಟು ಪಂದ್ಯ, ಇಷ್ಟು ಗೆದ್ದರೆ, ಮೇಲಿನವರು ಇಷ್ಟು ಸೋತರೆ. ಕೊನೆಗೆ ಎಲ್ಲ ಗೆದ್ದರೂ ಸಾಲದು ಎಂಬ ದಿನ ಬರುತ್ತದೆ. ಆ ದಿನದ ನಂತರವೂ ಉಳಿದ ಪಂದ್ಯಗಳನ್ನು ಆಡಲೇಬೇಕು. ಇದೇ ಆ ಪದ್ಧತಿಯ ನಿಷ್ಠುರತೆ.

2012ರ ಮೇ ಹೊತ್ತಿಗೆ ಋತು ಮುಗಿದಾಗ ಮೇಲೆ ಡೆಂಪೊ ಗೆದ್ದಿತ್ತು. ಅದರ ರ‍್ಯಾಂಟಿ ಮಾರ್ಟಿನ್ಸ್ ಆ ಒಂದೇ ಋತುವಿನಲ್ಲಿ 32 ಗೋಲು ಹೊಡೆದಿದ್ದರು. ಕೆಳಗೆ ಕೇರಳದ ಚಿರಾಗ್ ಯುನೈಟೆಡ್ ಮತ್ತು ಬೆಂಗಳೂರಿನ ಎಚ್‌ಎಎಲ್ ಮೊದಲ ದರ್ಜೆಯನ್ನು ಕಳೆದುಕೊಂಡಿದ್ದವು.

ಯಾರ ತಪ್ಪು? ಆಟಗಾರರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಕೈತುಂಬ ಹಣವಿದ್ದ ತಂಡ ಗೋಲು ಬಾರದಿದ್ದರೆ ಹೊರದೇಶದಿಂದ ಗೋಲು ಹೊಡೆಯುವವನನ್ನು ತರಿಸಿಕೊಳ್ಳಬಹುದು. ನೌಕರರ ತಂಡಕ್ಕೆ ಆ ದಾರಿಯಿಲ್ಲ. ವಿದೇಶೀಯನೊಬ್ಬನನ್ನು ಹತ್ತು ತಿಂಗಳ ಮಟ್ಟಿಗೆ ಯಾವ ದರ್ಜೆಯ ಗುಮಾಸ್ತನೆಂದು ನೇಮಿಸುವುದು? ಇದಕ್ಕಿಂತ ದೊಡ್ಡ ಕಾರಣ ಇನ್ನೊಂದು. ನೌಕರಿಯ ಆಯುಷ್ಯ ಉದ್ದ, ಆಟದ ಆಯುಷ್ಯ ಗಿಡ್ಡ. ವರ್ಷವರ್ಷವೂ ಹೊಸ ಹುಡುಗರನ್ನು ತೆಗೆದುಕೊಳ್ಳುತ್ತಿದ್ದರೆ ಮಾತ್ರ ಇಂಥ ತಂಡ ಚಿಗುರುತ್ತದೆ. ನೇಮಕಾತಿ ನಿಂತರೆ ತಂಡ ಒಟ್ಟಿಗೆ ಮುದಿಯಾಗುತ್ತದೆ. 1991ರ ಆರ್ಥಿಕ ಬದಲಾವಣೆಗಳ ನಂತರ ಸರಕಾರಿ ಉದ್ಯಮಗಳಿಗೆ ಲಾಭ ನಷ್ಟದ ಲೆಕ್ಕ ಬಿಗಿಯಾಯಿತು. ದೂರವಾಣಿ ಯಂತ್ರಗಳನ್ನು ಒಂದು ಕಾಲಕ್ಕೆ ದೇಶಕ್ಕೆಲ್ಲ ಮಾಡಿಕೊಡುತ್ತಿದ್ದ ಐಟಿಐಯೇ ಸ್ಪರ್ಧೆಯ ಬಿರುಗಾಳಿಗೆ ತತ್ತರಿಸಿದ ಮೇಲೆ ಅದರ ಫುಟ್‌ಬಾಲ್ ತಂಡದ ಪಾಡೇನು? ಕಾರ್ಖಾನೆಯ ಆಡಳಿತಕ್ಕೆ ಆಟ ಎಂದೂ ಮೊದಲ ಕೆಲಸವಾಗಿರಲಿಲ್ಲ. ಮೊದಲ ಕೆಲಸಕ್ಕೇ ಕುತ್ತು ಬಂದಾಗ ಕೊನೆಯ ಕೆಲಸ ಮೊದಲು ಬಿಟ್ಟುಹೋಗುತ್ತದೆ.

ಇಷ್ಟಾದರೂ ಒಂದು ಮಾತನ್ನು ಹೇಳಲೇಬೇಕು. ಜೆಸಿಟಿ ಮುಚ್ಚಿದಾಗ ಅದರ ಗುತ್ತಿಗೆಯ ಆಟಗಾರರು ಬೇರೆ ತಂಡವನ್ನು ಹುಡುಕಿಕೊಳ್ಳಬೇಕಾಯಿತು. ಎಚ್‌ಎಎಲ್ ಇಳಿದಾಗ ಅದರ ನೌಕರ ಆಟಗಾರನಿಗೆ ಮರುದಿನ ಹಾಜರಿ ಹಾಕಲು ಕಾರ್ಖಾನೆಯ ಬಾಗಿಲು ತೆರೆದೇ ಇತ್ತು. ಸೋತವನ ಮನೆಯ ಒಲೆ ಆರಲಿಲ್ಲ. ಗೆಲುವನ್ನು ಕೊಡಲಾರದೆ ಹೋದ ಆ ಹಳೆಯ ಏರ್ಪಾಡು ಸೋಲನ್ನು ತಾಳಿಕೊಳ್ಳುವ ಶಕ್ತಿಯನ್ನು ಕೊಟ್ಟಿತ್ತು. ಜಾತ್ರೆಯ ಪೈಲವಾನನಿಗೆ ಹೊಲವಿದ್ದಂತೆ ಈ ಆಟಗಾರನಿಗೆ ನೌಕರಿ.

2012-13ರ ಐ-ಲೀಗಿನಲ್ಲಿ ಕರ್ನಾಟಕದ ಒಂದು ತಂಡವೂ ಇರಲಿಲ್ಲ. ಲಂಡನ್ನಿಗೆ ಆಟಗಾರರನ್ನು ಕಳಿಸಿದ್ದ ಊರಿಗೆ ದೇಶದ ಮೊದಲ ದರ್ಜೆಯಲ್ಲಿ ಹೆಸರಿಲ್ಲದ ವರ್ಷ ಅದು. ಮುಂದಿನ ವರ್ಷ, 2013ರಲ್ಲಿ, ಎರಡು ಸಂಗತಿಗಳು ನಡೆದವು. ಏಷ್ಯದ ಒಕ್ಕೂಟ ವಿಧಿಸಿದ ಪರವಾನಗಿಯ ಷರತ್ತುಗಳನ್ನು ಪೂರೈಸಲಿಲ್ಲವೆಂದು ಏರ್ ಇಂಡಿಯಾ, ಒಎನ್‌ಜಿಸಿ ತಂಡಗಳನ್ನು ಲೀಗಿನಿಂದ ಹೊರಗಿಟ್ಟರು. ಅದೇ ವರ್ಷ ಜೆಎಸ್‌ಡಬ್ಲ್ಯು ಉದ್ಯಮದವರು ಕಟ್ಟಿದ ಬೆಂಗಳೂರು ಎಫ್‌ಸಿ ಎಂಬ ಹೊಸ ತಂಡಕ್ಕೆ ನೇರವಾಗಿ ಮೊದಲ ದರ್ಜೆಯಲ್ಲಿ ಸ್ಥಾನ ಕೊಟ್ಟರು. ಒಬ್ಬರು ಇಳಿದದ್ದು ಚೆಂಡಿನಿಂದಲ್ಲ, ಕಾಗದದಿಂದ. ಇನ್ನೊಬ್ಬರು ಏರಿದ್ದೂ ಏಣಿಯಿಂದಲ್ಲ, ಬಾಗಿಲಿನಿಂದ.

ಹೊಸ ತಂಡವನ್ನು ಹಳಿಯುವ ಉದ್ದೇಶ ನನಗಿಲ್ಲ. ಅಶೋಕನಗರದ ಹಳೆಯ ಕ್ರೀಡಾಂಗಣದಲ್ಲಿ ಆಡಿದ ಮೊದಲ ವರ್ಷವೇ, 2013-14ರಲ್ಲಿ, ಅದು ಲೀಗನ್ನು ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಯಿತು. ಅರ್ಧ ಖಾಲಿಯಿರುತ್ತಿದ್ದ ಮೆಟ್ಟಿಲುಗಳಲ್ಲಿ ಹೊಸ ತಲೆಮಾರಿನ ನಗರವಾಸಿಗಳು ಹಾಡುತ್ತ ಕುಳಿತರು. ಅಚ್ಚುಕಟ್ಟು, ತರಬೇತಿ, ಆಹಾರ, ವೈದ್ಯ ಎಲ್ಲದರಲ್ಲಿಯೂ ಅದು ಮೇಲ್ಪಂಕ್ತಿ ಹಾಕಿತೆಂಬುದನ್ನು ಒಪ್ಪಲೇಬೇಕು. ಕಾರ್ಖಾನೆಗಳ ಕಾಲವನ್ನು ಸುವರ್ಣಯುಗವೆಂದು ಹಾಡಿಹೊಗಳುವುದಕ್ಕೂ ಆಗುವುದಿಲ್ಲ. 1968-69ರ ಬಳಿಕ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಮತ್ತೆ ಬಂದದ್ದು 2023ರ ಮಾರ್ಚ್ 4ರಂದು, ರಿಯಾಧ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವಿನ ಐವತ್ತನಾಲ್ಕು ವರ್ಷಗಳಲ್ಲಿ ಬಹುಪಾಲು ಈ ಕಾರ್ಖಾನೆ ತಂಡಗಳೇ ಬೆಂಗಳೂರಿನ ಬಯಲುಗಳನ್ನು ಆಳಿದ್ದವು.

ನನ್ನ ಪ್ರಶ್ನೆ ಬೇರೆ. 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗಿನ ಮೊದಲ ಹತ್ತು ಋತುಗಳಲ್ಲಿ ತಳದಲ್ಲಿ ನಿಂತ ಯಾವ ತಂಡವೂ ಅಂಕದ ಕಾರಣದಿಂದ ಕೆಳಗಿಳಿಯಲಿಲ್ಲ. ಎಷ್ಟು ಸೋತರೂ ಮರುವರ್ಷ ಸ್ಥಾನ ಕಾದಿರುತ್ತಿತ್ತು. ಸೋತವನಿಗೆ ಹಿಂಬಡ್ತಿ ಎಂಬ ಕಟ್ಟಳೆಯನ್ನು ಸಂಬಳದ ನೌಕರರಾದ ಎಚ್‌ಎಎಲ್ ಆಟಗಾರರು ತಲೆಬಾಗಿ ಪಾಲಿಸಿದರು. ಅವರು ಇಳಿದು ಎರಡು ವರ್ಷವಾಗುವಷ್ಟರಲ್ಲಿ ಹುಟ್ಟಿದ ಶ್ರೀಮಂತ ಲೀಗಿಗೆ ಆ ಕಟ್ಟಳೆ ಬೇಡವಾಯಿತು. ಕೆಳಗಿನಿಂದ ಆ ಲೀಗಿಗೆ ಮೊದಲ ತಂಡ ಏರಿ ಬಂದದ್ದು 2023ರಲ್ಲಿ, ಅದು ಪಂಜಾಬಿನ ತಂಡ. ಹನ್ನೊಂದು ವರ್ಷ ತಡವಾಗಿ ಬಂದ ಏಣಿ 2012ರಲ್ಲಿ ಇಳಿದವರಿಗೆ ಯಾವ ಪ್ರಯೋಜನಕ್ಕೆ? ಎಚ್‌ಎಎಲ್ ರಾಷ್ಟ್ರೀಯ ಮೊದಲ ದರ್ಜೆಗೆ ಮರಳಲಿಲ್ಲ. ಸೋತವನು ಇಳಿಯುವುದು ನ್ಯಾಯವೇ. ಇಳಿದವನು ಮತ್ತೆ ಏರಲು ಮೆಟ್ಟಿಲಿರಬೇಕೆಂಬುದೂ ಅಷ್ಟೇ ನ್ಯಾಯ. ಎರಡರಲ್ಲಿ ಒಂದನ್ನು ಕಿತ್ತುಹಾಕಿದರೆ ಉಳಿದದ್ದು ಬರಿಯ ಶಿಕ್ಷೆಯಾದೀತು.

ಬೆಂಗಳೂರಿನ ಈ ಮಾತು ಮುದ್ದೇಬಿಹಾಳಕ್ಕೂ ಸಿಂದಗಿಗೂ ಏಕೆ ಬೇಕೆಂದು ಓದುಗರು ಕೇಳಬಹುದು. ಆ ಸೀಮೆಯಲ್ಲಿ ಕಾಲ್ಚೆಂಡಿಗಿಂತ ಕುಸ್ತಿ, ಕಬಡ್ಡಿ, ಖೋ-ಖೋಗಳ ಸೊಗಸು ಹೆಚ್ಚು. ಸೈಕಲ್ ಓಟದಲ್ಲಿ ವಿಜಯಪುರ ಜಿಲ್ಲೆಯ ಹುಡುಗ ಹುಡುಗಿಯರು ದೇಶಕ್ಕೆ ಗೊತ್ತಾದವರು. ಗರಡಿಯಲ್ಲಿ ಸಾಮು ಮಾಡುವ ಹುಡುಗನ ತಂದೆಯೂ, ಡಾಂಬರು ರಸ್ತೆಯಲ್ಲಿ ನಸುಕಿಗೇ ಸೈಕಲ್ ತುಳಿಯುವ ಹುಡುಗಿಯ ತಾಯಿಯೂ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಒಂದೇ ಆಸೆ: ರೈಲ್ವೆಯಲ್ಲೋ ಪೊಲೀಸಿನಲ್ಲೋ ಕಾರ್ಖಾನೆಯಲ್ಲೋ ಆಟದ ಮೇಲೆ ಒಂದು ನೌಕರಿ. ಕೋಟಿ ರೂಪಾಯಿಯ ಲೀಗು ಬಂದಾಗ ಅಲ್ಲಿ ಆಡಬಲ್ಲವರು ನೂರಕ್ಕೊಬ್ಬರು. ಉಳಿದ ತೊಂಬತ್ತೊಂಬತ್ತು ಮಂದಿ ಬಯಲಿಗೆ ಬರುವುದು ಈ ಸಣ್ಣ ಆಸೆಯ ಬಲದಿಂದ. ಆ ತೊಂಬತ್ತೊಂಬತ್ತು ಮಂದಿ ಬಾರದಿದ್ದರೆ ಆ ಒಬ್ಬನೂ ಹುಟ್ಟುವುದಿಲ್ಲ.

ಆದುದರಿಂದ 2012ರ ಆ ಸೋಲನ್ನು ಒಂದು ತಂಡದ ಅಂಕಪಟ್ಟಿಯೆಂದು ಮರೆತುಬಿಡಬಾರದು. ಆಟವಾಡಿದವನಿಗೆ ಬಾಳುವೆಯ ಆಧಾರವನ್ನೂ ಕೊಡಬೇಕೆಂದು ಒಂದು ಕಾಲ ನಂಬಿತ್ತು. ಆ ನಂಬಿಕೆಯೂ ಅಂದು ಒಂದು ದರ್ಜೆ ಕೆಳಗಿಳಿಯಿತು. ಅದನ್ನು ಮೇಲೆತ್ತುವ ಕೆಲಸ ಹೊಸ ಕ್ಲಬ್ಬುಗಳದೋ, ಸರಕಾರದ್ದೋ, ಊರಿನವರದೋ ಎಂಬ ಚರ್ಚೆ ನಡೆಯಲಿ. ಅಷ್ಟರಲ್ಲಿ ಬಾಗೇವಾಡಿಯ ಕಡೆ ಮತ್ತೊಂದು ಜಾತ್ರೆ ಬರುತ್ತದೆ, ಹಲಗೆ ಬಾರಿಸುತ್ತಾರೆ, ಹೋದ ವರ್ಷ ಚಿತ್ತಾದ ಪೈಲವಾನ ಮೈಗೆ ಮಣ್ಣು ಬಳಿದುಕೊಂಡು ಕಣಕ್ಕೆ ಇಳಿಯುತ್ತಾನೆ. ಅವನನ್ನು ಯಾರೂ ತಡೆಯುವುದಿಲ್ಲ.